ಓದಲು ಹೊರಟವರ ಬುತ್ತಿ

ನಮ್ಮ ರೋಣದ ಸೀಮೆಯಲ್ಲಿ ಹುಡುಗನೊಬ್ಬ ಕಾಲೇಜಿಗೆ ಹೊರಟಿದ್ದಾನೆ ಎಂದು ಸುದ್ದಿಯಾದರೆ ಊರ ಹಿರಿಯರು ಮೊದಲು ಕೇಳುತ್ತಿದ್ದ ಮಾತು ಒಂದೇ: “ಊಟಕ್ಕ ಏನ್ ವ್ಯವಸ್ಥಾ ಮಾಡೀರಿ?” ಯಾವ ಕಾಲೇಜು, ಯಾವ ವಿಷಯ, ಎಷ್ಟು ಮಾರ್ಕು ಎಂಬುದೆಲ್ಲ ಆಮೇಲೆ. ಎರಿ ಭೂಮಿಯ ರೈತನಿಗೆ ಮಗನ ಬುದ್ಧಿಯ ಮೇಲೆ ನಂಬಿಕೆಯಿತ್ತು, ಮಾಸ್ತರರ ಮೇಲೂ ಇತ್ತು. ಪರಊರಿನಲ್ಲಿ ಹೊತ್ತುಹೊತ್ತಿಗೆ ಆ ಮಗನ ಮುಂದೆ ತಾಟು ಇಡುವವರು ಯಾರು ಎನ್ನುವುದಷ್ಟೇ ಅವನ ಚಿಂತೆ. ಇತಿಹಾಸದ ಅಧ್ಯಾಪಕಿಯಾಗಿ ಬಾಳು ಸವೆಸಿದ ಮೇಲೆ ನನಗೆ ಅನ್ನಿಸುವುದು ಇದು: ಆ ರೈತನ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಕರ್ನಾಟಕದಲ್ಲಿ ಉಚ್ಚ ಶಿಕ್ಷಣ ಹೇಗೆ ಹರಡಿತು ಎಂದು ತಿಳಿಯಬೇಕಾದರೆ ಕಾಲೇಜಿನ ಕಟ್ಟಡಗಳಿಗಿಂತ ಮೊದಲು ಅವುಗಳ ಸುತ್ತ ಹೊಗೆಯಾಡಿದ ಒಲೆಗಳನ್ನು ನೋಡಬೇಕು.

ಈ ವರ್ಷ ನನ್ನ ತಂಗಿಯ ಮೊಮ್ಮಗಳು ಗದಗಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದಾಳೆ. ಧಾರವಾಡಕ್ಕೆ ಬಂದು ಕೃಷಿ ಪದವಿ ಓದಬೇಕೆಂಬ ಆಸೆ ಅವಳದು. ಪರೀಕ್ಷೆಯ ಓದಿನ ನಡುವೆಯೇ ಒಂದು ನೋಟುಪುಸ್ತಕದಲ್ಲಿ ತೆಗೆದುಕೊಂಡು ಹೋಗಬೇಕಾದ ಸಾಮಾನುಗಳ ಪಟ್ಟಿ ಬರೆಯುತ್ತಿದ್ದಾಳೆ: ಬಕೆಟ್ಟು, ಹೊದಿಕೆ, ಬೀಗ, ಚಾರ್ಜರು, ಜಾತಿ-ಆದಾಯ ಪ್ರಮಾಣಪತ್ರದ ಝೆರಾಕ್ಸು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. “ನೀ ಹೋಗುವಾಗ ಏನೇನು ಒಯ್ದಿದ್ದಿ ಅಜ್ಜಿ?” ಎಂದು ಕೇಳಿದಳು. ಅವಳಿಗೆ ಹೇಳುತ್ತ ಹೋದದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಮನೆ ಬಿಟ್ಟು ಓದಲು ಹೊರಡುವ ಮಗುವಿಗೆ ತನಗಿಂತ ಮುಂಚೆ ಆ ದಾರಿಯಲ್ಲಿ ನಡೆದವರು ಯಾರ ಅನ್ನ ಉಂಡು ನಡೆದರು ಎಂಬುದು ಗೊತ್ತಿರಬೇಕು.

ಮುಂಬೈ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರ ಆಗ ಮುಂಬೈ ಪ್ರಾಂತದ ದಕ್ಷಿಣದ ಅಂಚು. ಇಲ್ಲಿಯ ಹುಡುಗ ಮೆಟ್ರಿಕ್ ಮುಗಿಸಿ ಮುಂದೆ ಓದಬೇಕೆಂದರೆ ಪುಣೆ ಅಥವಾ ಮುಂಬೈಗೆ ಹೋಗಬೇಕಿತ್ತು. ಪುಣೆಯಲ್ಲಿ ಡೆಕ್ಕನ್ ಕಾಲೇಜು ಮೊದಲೇ ಇತ್ತು, 1885ರಲ್ಲಿ ಫರ್ಗ್ಯುಸನ್ ಕಾಲೇಜು ಬಂತು. ಕನ್ನಡ ನಾಡಿನ ಏಕೀಕರಣದ ಕನಸು ಕಂಡ ಆಲೂರು ವೆಂಕಟರಾಯರು ಓದಿದ್ದು ಪುಣೆಯಲ್ಲಿ. ಧಾರವಾಡದಲ್ಲೇ ಹುಟ್ಟಿದ ದ.ರಾ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಪದವಿ ಪಡೆದರು. ಕನ್ನಡದ ದೊಡ್ಡ ಕವಿ ಕಾಲೇಜು ಓದಲು ಮರಾಠಿಯ ಊರಿಗೆ ಹೋಗಬೇಕಾಯಿತು ಎಂಬುದನ್ನು ನೆನೆದರೆ ಇವತ್ತಿಗೂ ನನಗೆ ಕಸಿವಿಸಿಯಾಗುತ್ತದೆ. ಕನ್ನಡ ಶಾಲೆಗಾಗಿ, ಕನ್ನಡ ಕಚೇರಿಗಾಗಿ, ಕನ್ನಡ ನಾಡಿಗಾಗಿ ಆ ತಲೆಮಾರು ಹೋರಾಡಿದ ಬಗೆಯ ಹಿಂದೆ ಪರಊರಿನಲ್ಲಿ ಪರಭಾಷೆಯ ನಡುವೆ ಕಳೆದ ಆ ವಿದ್ಯಾರ್ಥಿ ದಿನಗಳ ಅನುಭವವೂ ಇತ್ತು.

ಪುಣೆಗೆ ಹೋಗಿ ಓದಲು ಎಷ್ಟು ಮನೆಗಳಿಗೆ ಶಕ್ತಿಯಿತ್ತು? ರೊದ್ದ ಶ್ರೀನಿವಾಸರಾಯರಂಥವರು ಧಾರವಾಡಕ್ಕೇ ಒಂದು ಕಾಲೇಜು ಬೇಕೆಂದು ಹಟ ಹಿಡಿದು ಹಣ ಕೂಡಿಸಿದರು. ಕರ್ನಾಟಕ ಕಾಲೇಜು 1917ರಲ್ಲಿ ಶುರುವಾಯಿತು. ಮುಂದೆ ಅದು ನೆಲೆ ನಿಂತದ್ದು ಒಂದು ಕಾಲಕ್ಕೆ ದಕ್ಷಿಣ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿದ್ದ ಕಲ್ಲಿನ ಕಟ್ಟಡದಲ್ಲಿ. ನಾನು ಓದಿದ್ದೂ ಆ ಕಟ್ಟಡದಲ್ಲೇ. ಮೈಸೂರು ಸಂಸ್ಥಾನದಲ್ಲಿ ಸ್ಥಿತಿ ಇದಕ್ಕಿಂತ ಉತ್ತಮವಾಗಿತ್ತು. ಬೆಂಗಳೂರಿನಲ್ಲಿ 1858ರಲ್ಲಿ ತೆರೆದ ಹೈಸ್ಕೂಲು ಬೆಳೆದು ಸೆಂಟ್ರಲ್ ಕಾಲೇಜಾಗಿತ್ತು, ಮೈಸೂರಿನಲ್ಲಿ ಮಹಾರಾಜಾ ಕಾಲೇಜಿತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೇ ಹುಟ್ಟಿತು. ಆದರೆ ಕಾಲೇಜು ನೂರು ಹರದಾರಿ ದೂರವಿರಲಿ, ಹತ್ತು ಹರದಾರಿ ದೂರವಿರಲಿ, ಹಳ್ಳಿಯ ಹುಡುಗನಿಗೆ ಊಟದ ಪ್ರಶ್ನೆ ಒಂದೇ.

ಆ ಪ್ರಶ್ನೆಗೆ ಹಳೆಯ ಕಾಲ ಕಂಡುಕೊಂಡ ಉತ್ತರ ವಾರಾನ್ನ. ಬಡ ಬ್ರಾಹ್ಮಣ ಹುಡುಗ ಪಟ್ಟಣಕ್ಕೆ ಬಂದು ಏಳು ಮನೆಗಳನ್ನು ಗೊತ್ತು ಮಾಡಿಕೊಳ್ಳುತ್ತಿದ್ದ. ಸೋಮವಾರ ವಕೀಲರ ಮನೆ, ಮಂಗಳವಾರ ಶಿರಸ್ತೇದಾರರ ಮನೆ, ಹೀಗೆ ವಾರಕ್ಕೊಂದು. ಏಳರಲ್ಲಿ ಐದೇ ಮನೆ ಸಿಕ್ಕರೆ ಉಳಿದ ಎರಡು ದಿನ ಉಪವಾಸ, ಇಲ್ಲವೇ ದೇವಸ್ಥಾನದ ಪ್ರಸಾದ. ಗೊತ್ತಾದ ಮನೆಯವರು ಊರಿಗೆ ಹೋದರೆ, ಅಲ್ಲಿ ಸೂತಕವಾದರೆ, ಆ ದಿನ ಅನ್ನವಿಲ್ಲ. ಊಟಕ್ಕೆ ಬಂದ ಹುಡುಗ ನೀರು ಸೇದಿ ಕೊಡುತ್ತಿದ್ದ, ಹೂ ಕೊಯ್ದು ತರುತ್ತಿದ್ದ, ಮನೆಯ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಕೆಲವು ತಾಯಂದಿರು ಸ್ವಂತ ಮಗನಿಗೆ ಬಡಿಸಿದಂತೆ ಬಡಿಸಿದರು, ಕೆಲವು ಮನೆಗಳಲ್ಲಿ ತಂಗಳಿನ ಜೊತೆ ಮಾತಿನ ಚುಚ್ಚೂ ಸಿಗುತ್ತಿತ್ತು. ಎಸ್.ಎಲ್. ಭೈರಪ್ಪನವರು ‘ಭಿತ್ತಿ’ಯಲ್ಲಿ ತಮ್ಮ ವಿದ್ಯಾರ್ಥಿ ದೆಸೆಯ ಹಸಿವನ್ನು ಬರೆದಿರುವುದನ್ನು ಓದಿದವರಿಗೆ ವಾರಾನ್ನದ ಎರಡು ಮುಖಗಳೂ ಗೊತ್ತು. ಪುಣೆಯಲ್ಲಿಯೂ ಇದೇ ಪದ್ಧತಿಯಿತ್ತು. ಅಲ್ಲಿ ಮನೆಮನೆಗೆ ಹೋಗಿ ಬೇಡಿ ತರುವ ಅನ್ನಕ್ಕೆ ಮಧುಕರಿ ಎನ್ನುತ್ತಿದ್ದರು.

ವಾರಾನ್ನ ಕೊಟ್ಟ ಕೈಗಳನ್ನು ನಾನು ಗೌರವದಿಂದ ನೆನೆಯುತ್ತೇನೆ. ಆದರೆ ಇತಿಹಾಸ ಬರೆಯುವಾಗ ಅದರ ಬೇಲಿಯನ್ನೂ ಹೇಳಲೇಬೇಕು. ವಾರದ ಮನೆಯ ಹೊಸ್ತಿಲು ದಾಟಲು ಜಾತಿ ಬೇಕಿತ್ತು. ಒಕ್ಕಲಿಗನ ಮಗ, ಕುರುಬನ ಮಗ, ನೇಕಾರನ ಮಗ, ಹೊಲೆಯ ಮಾದಿಗರ ಮಗ ಆ ಪಂಕ್ತಿಯಲ್ಲಿ ಕೂಡುವ ಹಾಗಿರಲಿಲ್ಲ. ಹಾಗಾಗಿ ಎಷ್ಟೋ ಕಾಲ ಕಾಲೇಜಿನ ಬಾಗಿಲು ಕಾಯ್ದೆಯಲ್ಲಿ ಎಲ್ಲರಿಗೂ ತೆರೆದಿದ್ದರೂ ಅಡುಗೆಮನೆಯ ಬಾಗಿಲು ತೆರೆದವರು ಮಾತ್ರ ಒಳಗೆ ಹೋದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕರ್ನಾಟಕದ ತುಂಬ ಎದ್ದ ವಿದ್ಯಾರ್ಥಿ ನಿಲಯಗಳ ಚಳವಳಿ ಹುಟ್ಟಿದ್ದು ಈ ತಿಳಿವಳಿಕೆಯಿಂದ.

ಧಾರವಾಡದಲ್ಲಿ 1883ರಷ್ಟು ಹಿಂದೆಯೇ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿ ಬಡ ಹುಡುಗರ ಓದಿಗೆ ನಿಧಿ ಕೂಡಿಸಿತು. ಶಿರಸಂಗಿಯ ಲಿಂಗರಾಜ ದೇಸಾಯರು ಮಕ್ಕಳಿಲ್ಲದವರು. 1906ರಲ್ಲಿ ಅವರು ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಾಗಿ ಬರೆದಿಟ್ಟಿದ್ದರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ಶಿಕ್ಷಕರು ಕೂಡಿ ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಮುಂದೆ ಕಾಲೇಜು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಬೆಂಗಳೂರಿನಲ್ಲಿ ವ್ಯಾಪಾರಿ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಹತ್ತಿರ ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ಅವರ ಧರ್ಮಸಂಸ್ಥೆ ನಡೆಸಿದ ಉಚಿತ ವಿದ್ಯಾರ್ಥಿ ನಿಲಯದಲ್ಲಿ ಉಳಿದು ಓದಿದವರಲ್ಲಿ ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರೂ ಇದ್ದಾರೆ, ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳೂ ಇದ್ದಾರೆ. ಒಕ್ಕಲಿಗರ ಸಂಘ 1906ರಲ್ಲಿ ಸ್ಥಾಪನೆಯಾಗಿ ತನ್ನ ಹುಡುಗರಿಗೆ ಹಾಸ್ಟೆಲು ಕಟ್ಟಿತು. ಮೈಸೂರಿನಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ದಿಕ್ಕಿಲ್ಲದ ಹುಡುಗರಿಗೆಂದು ಅನಾಥಾಲಯ ನಡೆಸಿದರು. ಉಜಿರೆಯಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಸಿದ್ಧವನ ಗುರುಕುಲ ತೆರೆದರು.

ತೋಟದಪ್ಪನವರ ನಿಲಯದಲ್ಲಿ ಉಂಡ ಹುಡುಗನೇ ತುಮಕೂರಿನ ಸಿದ್ಧಗಂಗೆಗೆ ಹೋಗಿ, 1930ರಲ್ಲಿ ಸಂನ್ಯಾಸ ಸ್ವೀಕರಿಸಿ, ಹತ್ತು ಸಾವಿರದಷ್ಟು ಮಕ್ಕಳಿಗೆ ಜಾತಿ ಕೇಳದೆ ಅನ್ನ-ಅಕ್ಷರ ಕೊಡುವ ಮಠವನ್ನು ಬೆಳೆಸಿದರು ಎಂಬುದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಒಬ್ಬ ವ್ಯಾಪಾರಿ ಹಚ್ಚಿದ ಒಲೆ ಒಬ್ಬ ವಿದ್ಯಾರ್ಥಿಯ ಮೂಲಕ ಇನ್ನೊಂದು ಊರಿನಲ್ಲಿ ಸಾವಿರ ಒಲೆಗಳಾಯಿತು. ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಆ ಒಲೆಗಳು ಉರಿಯುತ್ತಲೇ ಇದ್ದವು.

ನನ್ನ ಅಪ್ಪ 1940ರ ದಶಕದಲ್ಲಿ ಧಾರವಾಡದ ಮುರುಘಾಮಠದಲ್ಲಿದ್ದು ಓದಿದವರು. ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಹಳ್ಳಿ ತಿರುಗಿ ಮಠದ ಪ್ರಸಾದನಿಲಯ ನಡೆಸುತ್ತಿದ್ದ ಕಾಲ ಅದು. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಿಂದ ಜೋಳದ ಚೀಲ ಹೇರಿದ ಚಕ್ಕಡಿಗಳು ಮಠದ ಅಂಗಳಕ್ಕೆ ಬಂದು ನಿಲ್ಲುತ್ತಿದ್ದವಂತೆ. “ಆ ಚೀಲ ಇಳಿಸೋವಾಗ ನಮ್ಮೂರ ಚಕ್ಕಡಿ ಬಂದೈತೇನ ಅಂತ ನೋಡ್ತಿದ್ವಿ. ಬಂದಿದ್ರ ಎದಿ ಉಬ್ಬತಿತ್ತು” ಎನ್ನುತ್ತಿದ್ದರು ಅಪ್ಪ. ನಸುಕಿನಲ್ಲೇ ಏಳುವುದು, ತಣ್ಣೀರ ಸ್ನಾನ, ಲಿಂಗಪೂಜೆ, ಸಾಮೂಹಿಕ ವಚನ ಪಠಣ, ಆಮೇಲೆ ಪಾಳಿಯ ಮೇಲೆ ನೀರು ತುಂಬುವುದು, ಕಟ್ಟಿಗೆ ಒಡೆಯುವುದು, ಬಡಿಸುವುದು. ಊಟ ಎಂದರೆ ಜೋಳದ ರೊಟ್ಟಿ ಅಥವಾ ನುಚ್ಚು, ಬೇಳೆಯ ಸಾರು, ಮಜ್ಜಿಗೆ. ಹಬ್ಬದ ದಿನ ಹುಗ್ಗಿ. ಅಪ್ಪನ ಹತ್ತಿರ ಎರಡು ಧೋತರ, ಎರಡು ಅಂಗಿ, ಒಂದು ಕಂಬಳಿ, ಒಂದು ತಂಬಿಗೆ ಇದ್ದವು. ಬಿ.ಎ. ಮುಗಿಸಿ ಅವರು ಹೈಸ್ಕೂಲು ಮಾಸ್ತರರಾದರು. ಮೊದಲ ಪಗಾರ ಬಂದಾಗ ಮಠಕ್ಕೆ ಜೋಳ ಕಳಿಸಿದರು. ಸುಗ್ಗಿಯಲ್ಲಿ ಮಠಕ್ಕೆಂದು ಚೀಲ ತೆಗೆದಿಡುವ ಪದ್ಧತಿ ನಮ್ಮ ಮನೆಯಲ್ಲಿ ಅವರಿರುವ ತನಕ ನಡೆಯಿತು.

ಈ ನಿಲಯಗಳಲ್ಲಿ ಬಹಳಷ್ಟು ಒಂದೊಂದು ಸಮುದಾಯ ತನ್ನವರಿಗೆಂದು ಕಟ್ಟಿಕೊಂಡದ್ದು. ಹಾಗಾಗಿ ಎಲ್ಲರಿಗಿಂತ ಕೆಳಗೆ ಇಡಲ್ಪಟ್ಟವರ ಮಕ್ಕಳಿಗೆ ಬೇರೆಯೇ ಪ್ರಯತ್ನ ಬೇಕಾಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಶಾಲೆ, ವಸತಿ ನಿಲಯ ತೆರೆದಾಗ ಸ್ವಂತ ಜಾತಿಯವರೇ ಅವರನ್ನು ದೂರವಿಟ್ಟರು. ಮೈಸೂರಿನಲ್ಲಿ ತಲಕಾಡು ರಂಗೇಗೌಡರು, ಬೆಂಗಳೂರಿನಲ್ಲಿ ಆರ್. ಗೋಪಾಲಸ್ವಾಮಿ ಅಯ್ಯರ್ ಇದೇ ಕೆಲಸಕ್ಕೆ ತಮ್ಮನ್ನು ಕೊಟ್ಟುಕೊಂಡರು. ಡಾ. ಬಿ.ಆರ್. ಅಂಬೇಡ್ಕರ್ ಅವರು 1928ರಲ್ಲಿ ಕಟ್ಟಿದ ಶಿಕ್ಷಣ ಸಂಸ್ಥೆ ಮುಂಬೈ ಪ್ರಾಂತದಲ್ಲಿ ನಡೆಸಿದ ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ದೇಶ ಕಟ್ಟುವ ದೊಡ್ಡ ಕೆಲಸಗಳ ನಡುವೆ ಧಾರವಾಡದ ಕೆಲವು ಹುಡುಗರ ಊಟ, ವಸತಿಯ ಲೆಕ್ಕವನ್ನೂ ಆ ಮಹಾನುಭಾವರು ತಲೆಯ ಮೇಲೆ ಹೊತ್ತಿದ್ದರು. ಮುಂದೆ 1944ರಲ್ಲಿ ಭಾರತ ಸರ್ಕಾರ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭಿಸಿತು. ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದಿದ ಸಿದ್ದಲಿಂಗಯ್ಯನವರು ‘ಊರುಕೇರಿ’ಯಲ್ಲಿ ಆ ದಿನಗಳನ್ನು ಬರೆದಿದ್ದಾರೆ. ಕನ್ನಡದ ದಲಿತ ಸಾಹಿತ್ಯಕ್ಕೆ ಇಂಥ ಹಾಸ್ಟೆಲುಗಳ ಋಣ ದೊಡ್ಡದು. ಹೊಟ್ಟೆಗೆ ಅನ್ನ, ಓದಲು ದೀಪ, ಮಾತಾಡಲು ಜೊತೆಗಾರರು ಒಂದೇ ಸೂರಿನಡಿ ಸಿಕ್ಕ ಮೇಲೆ ಒಂದು ಪೀಳಿಗೆಯೇ ಬಾಯಿ ತೆರೆಯಿತು.

ಸರ್ಕಾರ ಈ ಕೆಲಸವನ್ನು ತನ್ನದೆಂದು ಪೂರ್ತಿಯಾಗಿ ಒಪ್ಪಿಕೊಂಡದ್ದು ನಿಧಾನವಾಗಿ. ಮೈಸೂರಿನಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಬ್ರಾಹ್ಮಣೇತರರು ಓದಿನಲ್ಲಿ, ನೌಕರಿಯಲ್ಲಿ ಎಷ್ಟು ಹಿಂದಿದ್ದಾರೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿತು. ದೇವರಾಜ ಅರಸರ ಕಾಲದಲ್ಲಿ, 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಆ ಹೊತ್ತಿನಿಂದ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲೂಕು ತಾಲೂಕಿಗೆ ಹಬ್ಬಿದವು. ಕಂಬಾರರ, ಕ್ಷೌರಿಕರ, ಗೊಲ್ಲರ ಮಕ್ಕಳು, ಅಂದರೆ ಮಠವೂ ಸಂಘವೂ ಇಲ್ಲದ ಚಿಕ್ಕ ಜಾತಿಗಳ ಮಕ್ಕಳು, ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದನ್ನು ನಾನು ಅಧ್ಯಾಪಕಿಯಾಗಿ ಕಣ್ಣಾರೆ ಕಂಡೆ. ಹಾಜರಿ ಕರೆಯುವಾಗ ಅಲ್ಲಿಯ ತನಕ ಕೇಳದಿದ್ದ ಮನೆತನದ ಹೆಸರುಗಳು ಕೇಳತೊಡಗಿದವು.

ಇಷ್ಟೆಲ್ಲ ಹೇಳಿದರೂ ಇದು ಗಂಡುಮಕ್ಕಳ ಕಥೆಯೇ. ವಾರಾನ್ನಕ್ಕೆ ಹುಡುಗಿ ಹೋಗುವಂತಿರಲಿಲ್ಲ. ಅಪ್ಪ ಉಂಡ ಮಠದ ಪ್ರಸಾದನಿಲಯ ನನಗೆ ದಕ್ಕುವಂತಿರಲಿಲ್ಲ. ಮೈಸೂರಿನಲ್ಲಿ 1881ರಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆ 1901ರಲ್ಲಿ ಮಹಾರಾಣಿ ಕಾಲೇಜಾಯಿತು, ನಿಜ. ಆದರೆ ಹಳ್ಳಿಯ ಹುಡುಗಿಗೆ ಕಾಲೇಜಿನ ದಾರಿ ತೆರೆಯಲು ಸಂಬಂಧಿಕರ ಮನೆಯೊಂದು ಪೇಟೆಯಲ್ಲಿ ಇರಲೇಬೇಕಿತ್ತು. ನಾನು 1973ರಲ್ಲಿ ಧಾರವಾಡಕ್ಕೆ ಬಂದಾಗ ದೂರದ ಸೋದರತ್ತೆಯ ಮನೆಯಲ್ಲಿ ಉಳಿದೆ. ಅವರು ಒಳ್ಳೆಯವರೇ. ಆದರೂ ನಸುಕಿನ ಕಸ, ಮುಸುರೆ, ಮಕ್ಕಳ ಜಡೆ, ಸಂಜೆಯ ರೊಟ್ಟಿ ಎಲ್ಲ ಮುಗಿಸಿ ನಾನು ಪುಸ್ತಕ ಹಿಡಿಯುವ ಹೊತ್ತಿಗೆ ದೀಪ ಆರಿಸುವ ಹೊತ್ತಾಗುತ್ತಿತ್ತು. ಎರಡನೆಯ ವರ್ಷ ಮಹಿಳಾ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಘಂಟೆ ಬಾರಿಸಿದಾಗ ಹೋಗಿ ಕುಳಿತರೆ ಯಾರೋ ಬಡಿಸುತ್ತಾರೆ, ಉಂಡೆದ್ದ ಮೇಲೆ ಓದಬಹುದು ಎಂಬುದು ನನಗೆ ಹೊಸದಾಗಿತ್ತು. ಹೆಣ್ಣುಮಕ್ಕಳ ಹಾಸ್ಟೆಲು ಕೊಡುವುದು ಊಟ, ವಸತಿ ಎಂದು ಸರ್ಕಾರಿ ಕಾಗದಗಳು ಬರೆಯುತ್ತವೆ. ಅದು ಕೊಡುವ ಬಹು ದೊಡ್ಡ ವಸ್ತು ಬಿಡುವು.

ಇನ್ನು ಬುತ್ತಿಯ ವಿಷಯ. ಹಾಸ್ಟೆಲು ಸಿಗದ ಹುಡುಗರು ನಾಲ್ಕೈದು ಜನ ಕೂಡಿ ಖೋಲಿ ಹಿಡಿಯುತ್ತಿದ್ದರು. ಮಾಳಮಡ್ಡಿ, ಸಪ್ತಾಪುರ, ಕಲ್ಯಾಣನಗರದ ಕಡೆ ಇಂಥ ಖೋಲಿಗಳು ಸಾಲುಸಾಲಾಗಿದ್ದವು. ಸೀಮೆಎಣ್ಣೆಯ ಸ್ಟೋವಿನ ಮೇಲೆ ಅನ್ನ, ಸಾರು ಮಾತ್ರ ಅಲ್ಲಿ. ರೊಟ್ಟಿ ಊರಿನಿಂದ ಬರಬೇಕು. ನಸುಕಿನಲ್ಲಿ ತಾಯಿ ಬಡಿದ ರೊಟ್ಟಿಯನ್ನು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಹೆಸರಿನ ಚೀಟಿ ಹಚ್ಚಿ, ಊರಿನ ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು. ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಕಾದು ನಿಂತು ಇಳಿಸಿಕೊಳ್ಳುವುದು. ಮೆತ್ತನೆಯ ರೊಟ್ಟಿ ಎರಡು ದಿನಕ್ಕೆ, ಒಣಗಿಸಿದ ಕಟಕ ರೊಟ್ಟಿ ವಾರವಿಡೀ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಚಟ್ನಿ, ಕೆಂಪು ಖಾರ, ಒಂದು ಡಬ್ಬಿ ಬೆಣ್ಣೆ. ಖಾಲಿ ಗಂಟಿನಲ್ಲಿ ಮರುದಿನ ಒಂದು ಪತ್ರ ಇಟ್ಟು ಅದೇ ಬಸ್ಸಿಗೆ ಹಿಂದಕ್ಕೆ ಕಳಿಸುವುದು. ಬುತ್ತಿ ಸಾಗಿಸಲು ಟಿಕೇಟು ಕೇಳದ ಕಂಡಕ್ಟರುಗಳು, ಮಳೆ ಬಂದಾಗ ಗಂಟನ್ನು ತಮ್ಮ ಸೀಟಿನ ಪಕ್ಕದಲ್ಲಿ ಇಟ್ಟುಕೊಂಡ ಡ್ರೈವರುಗಳು ಉತ್ತರ ಕರ್ನಾಟಕದ ಶಿಕ್ಷಣದ ಇತಿಹಾಸದಲ್ಲಿ ಹೆಸರಿಲ್ಲದ ದಾನಿಗಳು. ಬುತ್ತಿ ತಪ್ಪಿದ ದಿನ ಖಾನಾವಳಿ ಇತ್ತು. ಉದ್ರಿ ಬರೆದುಕೊಂಡು, ಪೀಕು ಬಂದ ಮೇಲೆ ತಂದೆಯಿಂದ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುತ್ತಿದ್ದ ಖಾನಾವಳಿಯ ಅವ್ವಂದಿರು ಎಷ್ಟೋ ಹುಡುಗರ ಪರೀಕ್ಷೆ ಪಾರು ಮಾಡಿದ್ದಾರೆ.

ಆ ಖೋಲಿ, ಹಾಸ್ಟೆಲುಗಳಿಂದ ಎಂಥ ಬಾಳುಗಳು ಎದ್ದವು ಎಂಬುದಕ್ಕೆ ಇನ್ನೊಂದೇ ಉದಾಹರಣೆ ಕೊಡುತ್ತೇನೆ. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಎರಡು ದಿನ ನಡೆದು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದು ಸೇರಿದರು. ಮುಂದೆ ಭೌತಶಾಸ್ತ್ರದ ಅಧ್ಯಾಪಕರಾದರು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅಷ್ಟಾದರೂ ಬಸವನಗುಡಿಯ ವಿದ್ಯಾರ್ಥಿ ನಿಲಯದ ಕೋಣೆಯಲ್ಲೇ ದಶಕಗಳ ಕಾಲ ಬದುಕಿದರು. ಬಡ ವಿದ್ಯಾರ್ಥಿಗಳ ನಡುವೆ ಇರುವುದನ್ನು ಅವರು ತಮ್ಮ ಕೆಲಸವೆಂದೇ ತಿಳಿದಿದ್ದರು.

ಈಗ ದಾರಿ ಬದಲಾಗಿದೆ. 1994ರಲ್ಲಿ ಸಿಇಟಿ ಬಂದ ಮೇಲೆ ಹಳ್ಳಿಯ ಮಗು ಅಂಕದ ಬಲದಿಂದ ರಾಜ್ಯದ ಯಾವ ಮೂಲೆಯ ಕಾಲೇಜಿಗೂ ಹೋಗಬಹುದು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ಹುಡುಗಿಯರು ದಿನವೂ ಊರಿನಿಂದಲೇ ಪುಕ್ಕಟೆ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬರುತ್ತಿದ್ದಾರೆ. ಹಾಸ್ಟೆಲು ಸಿಗದವರಿಗೆ ವಿದ್ಯಾಸಿರಿಯ ಅಡಿಯಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೆರವು ಕೊಡುವ ವ್ಯವಸ್ಥೆ ಬಂತು. ಇವೆಲ್ಲ ಒಳ್ಳೆಯವು. ಆದರೆ ಆ ಹಣದಲ್ಲಿ ಧಾರವಾಡದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಒಂದು ಪಿ.ಜಿ.ಯಲ್ಲಿ ಊಟ-ವಸತಿ ಸಿಗುವುದಿಲ್ಲ. ಸೀಟು ಸಿಕ್ಕಿತು, ಹಾಸ್ಟೆಲು ಸಿಗಲಿಲ್ಲ ಎಂದು ಓದು ಬಿಟ್ಟು ಮನೆಗೆ ಮರಳುವ ಮಕ್ಕಳು ಇವತ್ತಿಗೂ ಇದ್ದಾರೆ. ಅವರಲ್ಲಿ ಹುಡುಗಿಯರೇ ಹೆಚ್ಚು ಎಂಬುದು ನನ್ನ ತರಗತಿಗಳ ಅನುಭವ. ಅಂಥವರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಹೊಡೆದುಹಾಕುವಾಗ ನನ್ನ ಕೈ ಪ್ರತಿ ಸಲ ತಡೆದಿದೆ.

ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟು. ನೀನು ಒಯ್ಯುವ ಬಕೆಟ್ಟು, ಹೊದಿಕೆ ಪೇಟೆಯಲ್ಲೂ ಸಿಗುತ್ತವೆ. ಪ್ರಮಾಣಪತ್ರಗಳನ್ನು ಮಾತ್ರ ಜೋಪಾನ ಮಾಡು, ಹಾಸ್ಟೆಲಿನ ಅರ್ಜಿಯನ್ನು ಗಡುವಿಗಿಂತ ಮುಂಚೆ ಹಾಕು, ಅಡುಗೆಯವರ ಹೆಸರು ಕೇಳಿ ತಿಳಿದುಕೋ. ಜೊತೆಯವರೊಂದಿಗೆ ಚಟ್ನಿ ಹಂಚಿಕೊಂಡು ಉಣ್ಣು. ಪಕ್ಕದಲ್ಲಿ ಕುಳಿತವಳ ಜಾತಿ ಕೇಳಬೇಡ, ಆ ಪಂಕ್ತಿ ಸಮವಾಗಲು ನೂರು ವರ್ಷ ಹಿಡಿದಿದೆ.

ಓದುಗರಲ್ಲಿಯೂ ಒಂದು ಮಾತು. ನಿಮ್ಮಲ್ಲಿ ಬಹಳ ಮಂದಿ ಯಾವುದೋ ಮಠದ, ಸಂಘದ, ಸರ್ಕಾರದ ಹಾಸ್ಟೆಲಿನಲ್ಲಿ ಉಂಡು ಓದಿದವರು, ಇಲ್ಲವೇ ಹಾಗೆ ಓದಿದವರ ಮಕ್ಕಳು. ಈ ಜೂನಿನಲ್ಲಿ ನಿಮ್ಮ ಊರಿನ ವಿದ್ಯಾರ್ಥಿ ನಿಲಯಕ್ಕೆ ಒಮ್ಮೆ ಹೋಗಿ. ಅಡುಗೆಮನೆ ನೋಡಿ, ಶೌಚಾಲಯ ನೋಡಿ, ಎಷ್ಟು ಅರ್ಜಿ ಬಂದವು, ಎಷ್ಟು ಮಕ್ಕಳಿಗೆ ಜಾಗ ಸಿಗಲಿಲ್ಲ ಎಂದು ವಾರ್ಡನ್ನರನ್ನು ಕೇಳಿ. ಆ ಸಂಖ್ಯೆಯನ್ನು ನಿಮ್ಮ ಶಾಸಕರ ಮುಂದೆ ಇಡಿ. ಕೈಲಾದರೆ ಒಂದು ಚೀಲ ಜೋಳ, ಒಂದು ಕಪಾಟು ಪುಸ್ತಕ ಕೊಡಿ. ಮನೆಯಲ್ಲಿ ಒಂದು ಕೋಣೆ ಖಾಲಿಯಿದ್ದರೆ ದೂರದ ಹಳ್ಳಿಯ ಹುಡುಗಿಯೊಬ್ಬಳಿಗೆ ಕೊಡಿ, ಅವಳಿಂದ ಮನೆಗೆಲಸ ಮಾಡಿಸಬೇಡಿ. ನಮಗೆ ಅನ್ನ ಇಟ್ಟವರ ಸಾಲ ತೀರಿಸಲು ಬೇರೆ ದಾರಿಯಿಲ್ಲ.